ತಲೆ ತೂಗುವುದು ತಪ್ಪಲ್ಲ

ಚೆನ್ನೈಯ ಕಾಲೇಜುಗಳಲ್ಲಿ ಸಂದರ್ಶನದ ತರಬೇತಿ ಕೊಡುವ ಕನ್ನಡದ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಬಹಿರಂಗ ಪತ್ರ



ದೇಹಭಾಷೆಯಲ್ಲಿ ಎರಡು ಪದರಗಳಿವೆ. ಒಂದು ಹುಟ್ಟಿನ ಜೊತೆ ಬಂದದ್ದು, ಇನ್ನೊಂದು ಊರು ಕಲಿಸಿದ್ದು. ಹುಳಿ ನಾಲಗೆಗೆ ತಾಗಿದಾಗ ಮುಖ ಕಿವುಚುವುದು, ದೊಡ್ಡ ಸದ್ದಿಗೆ ಬೆಚ್ಚುವುದು, ನೋವಿಗೆ ನರಳುವುದು ಮೊದಲನೆಯವು. ಇವನ್ನು ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ಹಿರಿಯರು ಬಂದಾಗ ಏಳುವುದು, ಬಲಗೈಯಲ್ಲೇ ಕೊಡುವುದು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ತೂಗುವುದು ಎರಡನೆಯವು. ಮಾತು ಕಲಿಯುವಾಗಲೇ ಮಗು ಇವನ್ನೂ ಕಲಿತುಬಿಡುತ್ತದೆ. ಮಾತಿಗೆ ಸೀಮೆಗಳಿರುವಂತೆ ಇವಕ್ಕೂ ಸೀಮೆಗಳಿವೆ. ಸಂದರ್ಶನದ ತರಬೇತಿಯಲ್ಲಿ ಕಲಿಸುವ ದೇಹಭಾಷೆ ಬಹುಪಾಲು ಈ ಎರಡನೆಯ ಪದರಕ್ಕೆ ಸೇರಿದ್ದು, ಅದರಲ್ಲೂ ಒಂದೇ ಸೀಮೆಯದು. ಅದನ್ನು ಮೊದಲನೆಯ ಪದರದ ನಿಯಮವೆಂಬಂತೆ, ಮನುಷ್ಯಕುಲಕ್ಕೆಲ್ಲ ಅನ್ವಯಿಸುವ ಶಾಸ್ತ್ರವೆಂಬಂತೆ ಕಲಿಸುತ್ತಿರುವುದು ತಪ್ಪು.

ಈ ತಪ್ಪಿನ ಹೊರೆ ಬೀಳುವುದು ಒಂದು ಗೊತ್ತಾದ ಗುಂಪಿನ ಮೇಲೆ. ತಾಳವಾಡಿ, ಹೊಸೂರು, ಡೆಂಕಣಿಕೋಟೆಯ ಕಡೆಯ ಕನ್ನಡದ ಮನೆಗಳಿಂದ, ಚಾಮರಾಜನಗರ, ಕೋಲಾರದ ಹಳ್ಳಿಗಳಿಂದ, ತಮಿಳುನಾಡಿನ ಒಳಜಿಲ್ಲೆಗಳಿಂದ ಚೆನ್ನೈಗೆ ಓದಲು ಬಂದ ಹುಡುಗ ಹುಡುಗಿಯರು ಕೊನೆಯ ವರ್ಷದಲ್ಲಿ ಒಮ್ಮೆಲೇ ಕೇಳುವ ಮಾತುಗಳಿವು: ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಕೈಕಟ್ಟಬಾರದು, ತಲೆ ಅಲ್ಲಾಡಿಸಬಾರದು, ಕೈ ಕುಲುಕುವಾಗ ಗಟ್ಟಿಯಾಗಿ ಹಿಡಿಯಬೇಕು. ಹೀಗೆ ಮಾಡದವರಿಗೆ ಆತ್ಮವಿಶ್ವಾಸವಿಲ್ಲ, ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ವಿವರಣೆಯೂ ಜೊತೆಗೆ ಬರುತ್ತದೆ. ಇಪ್ಪತ್ತು ವರ್ಷ ಮನೆಯಲ್ಲಿ ಮರ್ಯಾದೆ ಎಂದು ಕಲಿತದ್ದು ತರಗತಿಯಲ್ಲಿ ಒಂದೇ ಗಂಟೆಯೊಳಗೆ ದೌರ್ಬಲ್ಯವಾಗಿಬಿಡುತ್ತದೆ.

ಪಾಠ ಸಾಮಾನ್ಯವಾಗಿ ಒಂದು ಲೆಕ್ಕದಿಂದ ಶುರುವಾಗುತ್ತದೆ: ಸಂವಹನದಲ್ಲಿ ಮಾತಿನ ಪಾಲು ಶೇ. 7, ದನಿಯ ಪಾಲು ಶೇ. 38, ಮುಖಭಾವ ಮತ್ತು ಅಂಗಭಾವದ ಪಾಲು ಶೇ. 55. ಇದರ ಮೂಲ, ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಎರಡು ಪ್ರಯೋಗಗಳು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋಗಳನ್ನು ತೋರಿಸಿ, ಮಾತಾಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಊಹಿಸಲು ಅವುಗಳಲ್ಲಿ ಹೇಳಲಾಗಿತ್ತು. ಇಷ್ಟಾನಿಷ್ಟಗಳನ್ನು ಹೇಳುವ ಸಂದರ್ಭಕ್ಕೆ ಮಾತ್ರ ಈ ಲೆಕ್ಕ ಸಲ್ಲುತ್ತದೆ ಎಂದು ಸ್ವತಃ ಮೆಹ್ರೇಬಿಯನ್ ಸ್ಪಷ್ಟಪಡಿಸಿದ್ದಾರೆ. ವಿದ್ಯಾರ್ಥಿ ತನ್ನ ಪ್ರಾಜೆಕ್ಟನ್ನು ವಿವರಿಸುವಾಗ ಅದರ ಅರ್ಥದಲ್ಲಿ ಶೇ. 93ರಷ್ಟು ಮಾತಿನ ಹೊರಗಿರುವುದು ಸಾಧ್ಯವೇ ಇಲ್ಲ. ಹಾಗಿದ್ದಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವನ್ನು ಬರೀ ನೋಡಿ ತಿಳಿದುಕೊಳ್ಳಬಹುದಿತ್ತು. ಈ ಲೆಕ್ಕವನ್ನು ಪಾಠದಿಂದ ಪೂರ್ತಿ ತೆಗೆದುಹಾಕುವುದೇ ಸರಿ.

ಅತಿ ಹೆಚ್ಚು ಗೊಂದಲ ಹುಟ್ಟಿಸುವ ಅಂಗ ತಲೆ. ದಕ್ಷಿಣ ಭಾರತದಲ್ಲಿ ದಿನಬಳಕೆಯ ತಲೆಯಾಟ ಕನಿಷ್ಠ ನಾಲ್ಕು ಬಗೆಯದು. ಮೇಲೆ ಕೆಳಗೆ ಆಡಿಸಿದರೆ ಹೌದು. ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಇಲ್ಲ. ಮುಖ ಎದುರಿಗೇ ಇದ್ದು ನೆತ್ತಿ ಮಾತ್ರ ಅತ್ತಿತ್ತ ತೂಗಿದರೆ ಸರಿ, ಆಯಿತು, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ. ಒಂದೇ ಪಕ್ಕಕ್ಕೆ ಒಂದು ಸಲ ವಾಲಿಸಿದರೆ ಬಾ, ಆಗಲಿ, ಹೋಗೋಣ. ಎರಡನೆಯದರಲ್ಲಿ ಮೂಗಿನ ತುದಿ ದಿಕ್ಕು ಬದಲಿಸುತ್ತದೆ. ಮೂರನೆಯದರಲ್ಲಿ ಮೂಗು ಇದ್ದ ಕಡೆಯೇ ಇದ್ದು ಕಿವಿಗಳು ಒಂದಾದ ಮೇಲೊಂದು ಹೆಗಲ ಕಡೆ ಇಳಿಯುತ್ತವೆ. ಇಲ್ಲಿನ ಪುಟ್ಟ ಮಗುವೂ ಇವೆರಡನ್ನು ಬೇರೆ ಮಾಡಿ ತಿಳಿಯುತ್ತದೆ. ಮೂರನೆಯದು ಬಳಕೆಯಲ್ಲಿಲ್ಲದ ನಾಡಿನಿಂದ ಬಂದವರ ಕಣ್ಣಿಗೆ ಮಾತ್ರ ಎರಡೂ ಒಂದೇ ಆಗಿ ಕಾಣುತ್ತವೆ, ಒಪ್ಪಿಗೆ ನಿರಾಕರಣೆಯಾಗುತ್ತದೆ.

ತಲೆ ತೂಗುವುದು ಹಳ್ಳಿಯವರ ಚಟವೆಂದು ಬಿಡಿಸಲು ಹೊರಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಆಂಗಿಕ ಚಲನೆಗಳನ್ನು ಪಟ್ಟಿಮಾಡಿ ಅರ್ಥ ಬರೆದಿಟ್ಟ ಜಗತ್ತಿನ ಅತಿ ಹಳೆಯ ಪರಂಪರೆಗಳಲ್ಲೊಂದು ಈ ನೆಲದ್ದು. ಭರತನ ನಾಟ್ಯಶಾಸ್ತ್ರ 13 ಬಗೆಯ ಶಿರೋಭೇದಗಳನ್ನು ಹೇಳುತ್ತದೆ. ನಂದಿಕೇಶ್ವರನ ಅಭಿನಯದರ್ಪಣ 9 ಬಗೆಗಳನ್ನು ಹೇಳುತ್ತದೆ. ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಅಡಯಾರಿನಲ್ಲಿ ಆರಂಭಿಸಿದ ಕಲಾಕ್ಷೇತ್ರವೂ ಸೇರಿದಂತೆ ಭರತನಾಟ್ಯದ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಬಾಯಿಪಾಠ ಮಾಡುವುದು ಆ ಒಂಬತ್ತನ್ನು. ಅವುಗಳಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸುವುದು ಧುತ. ಇಲ್ಲ ಎನ್ನುವುದು ಅದರ ಬಳಕೆಗಳಲ್ಲೊಂದು. ಚಾಮರ ಬೀಸಿದಂತೆ ಎರಡೂ ಪಕ್ಕಕ್ಕೆ ತೂಗುವುದು ಪರಿವಾಹಿತ. ಸಂತೋಷ, ಸ್ತುತಿ, ಅನುಮೋದನೆ, ವಿಚಾರ ಇವು ಅದರ ಬಳಕೆಗಳೆಂದು ಗ್ರಂಥ ಹೇಳುತ್ತದೆ. ಇಂದು ಓಎಂಆರ್ ರಸ್ತೆಯ ಆಫೀಸಿನಲ್ಲಿ ಕುಳಿತ ತರುಣಿ ಮೀಟಿಂಗಿನಲ್ಲಿ ತೂಗುವ ತಲೆಯ ಅರ್ಥವೂ ಅದೇ. ಡಿಸೆಂಬರಿನ ಸಂಗೀತೋತ್ಸವದಲ್ಲಿ ಮ್ಯೂಸಿಕ್ ಅಕಾಡೆಮಿಯ ಸಭಾಂಗಣದಲ್ಲಿ ಕುಳಿತು ನೋಡಿದರೆ ರಾಗ ಬಿಚ್ಚಿಕೊಂಡ ಹಾಗೆಲ್ಲ ಸಾಲುಸಾಲು ತಲೆಗಳು ತೂಗುತ್ತವೆ. ಅದನ್ನು ನೋಡಿ ಹಾಡುಗಾರಿಕೆ ಯಾರಿಗೂ ಹಿಡಿಸಲಿಲ್ಲ ಎಂದುಕೊಳ್ಳುವ ಕಲಾವಿದರಿಲ್ಲ.

ಹೌದು, ಇಲ್ಲ ಎಂಬುದಕ್ಕೇ ಲೋಕದಲ್ಲಿ ಒಂದು ನಿಯಮವಿಲ್ಲ. ಚಾರ್ಲ್ಸ್ ಡಾರ್ವಿನ್ ಭಾವಗಳ ಅಭಿವ್ಯಕ್ತಿಯ ಬಗ್ಗೆ 1872ರಲ್ಲಿ ಪುಸ್ತಕ ಪ್ರಕಟಿಸುವ ಮೊದಲು ಬೇರೆ ಬೇರೆ ದೇಶಗಳಲ್ಲಿದ್ದವರಿಗೆ ಪ್ರಶ್ನಾವಳಿ ಕಳಿಸಿದ್ದ. ಒಪ್ಪಿಗೆಗೆ ತಲೆ ಮೇಲೆ ಕೆಳಗೆ, ನಿರಾಕರಣೆಗೆ ಅಡ್ಡಡ್ಡ ಆಡುತ್ತದೆಯೇ ಎಂಬುದು ಅದರಲ್ಲೊಂದು ಪ್ರಶ್ನೆ. ಬಂದ ಉತ್ತರಗಳಲ್ಲಿ ಅಪವಾದಗಳು ಬಹಳ ಇದ್ದವು. ಬಲ್ಗೇರಿಯದಲ್ಲಿ ಅಡ್ಡಡ್ಡ ಆಡಿಸುವುದು ಹೌದು, ಮೇಲೆತ್ತುವುದು ಇಲ್ಲ. ಗ್ರೀಸ್, ತುರ್ಕಿಗಳಲ್ಲಿ ಗದ್ದವನ್ನು ತಟಕ್ಕನೆ ಮೇಲೆತ್ತಿದರೆ ಇಲ್ಲ ಎಂದರ್ಥ. ಅದೇ ಗದ್ದವನ್ನು ಚೆನ್ನೈಯ ಆಟೋ ಡ್ರೈವರ್ ಮೇಲೆತ್ತಿದರೆ ಎಲ್ಲಿಗೆ ಎಂದು ಕೇಳಿದಂತೆ.

ತಲೆಯಾಟ ನಿಜವಾದ ತೊಡಕಾಗುವುದು ಎರಡು ವ್ಯವಸ್ಥೆಗಳು ಒಂದೇ ಮೇಜಿನ ಎದುರುಬದುರು ಕುಳಿತಾಗ, ಮತ್ತು ಚೆನ್ನೈಯಲ್ಲಿ ಅದು ದಿನನಿತ್ಯದ ಸಂಗತಿ. ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಹ್ಯುಂಡೈ ಕಾರ್ಖಾನೆಯ ಮೊದಲ ಸ್ಯಾಂಟ್ರೋ ಕಾರುಗಳು 1998ರಲ್ಲಿ ಹೊರಬಂದವು. ಒರಗಡಂನಲ್ಲಿ ರೆನೋ ಮತ್ತು ನಿಸಾನ್‌ಗಳ ಜಂಟಿ ಕಾರ್ಖಾನೆ 2010ರಲ್ಲಿ ಆರಂಭವಾಯಿತು. ಇವುಗಳಿಗೆ ಬಿಡಿಭಾಗ ಮಾಡಿಕೊಡುವ ಕೊರಿಯ, ಜಪಾನಿನ ಕಂಪನಿಗಳೂ ಸುತ್ತ ಬೆಳೆದಿವೆ. ಜಪಾನಿನ ಎಂಜಿನಿಯರು ಎದುರಿನವರ ಮಾತಿಗೆ ಮತ್ತೆ ಮತ್ತೆ ತಲೆಯಾಡಿಸಿದರೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದರೆಂದಲ್ಲ. ಇಲ್ಲಿನ ಸೂಪರ್‌ವೈಸರು ಅದನ್ನು ಒಪ್ಪಿಗೆಯೆಂದುಕೊಂಡು ಕೆಲಸ ಶುರುಮಾಡಿಸುವುದುಂಟು. ಅದೇ ಎಂಜಿನಿಯರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಲ್ಲಿನ ಸಂದಿಯಿಂದ ಗಾಳಿ ಒಳಗೆಳೆದುಕೊಂಡರೆ ಅದು ಅನುಮಾನ, ಬಹುತೇಕ ಮರ್ಯಾದೆಯ ನಿರಾಕರಣೆ. ಇಲ್ಲಿಯವರು ಒಂದು ಪಕ್ಕಕ್ಕೆ ವಾಲಿಸಿದರೆ ಅದು ಆಗಲಿ. ನಾಳೆಯೊಳಗೆ ಅಚ್ಚು ಸಿದ್ಧವಾಗುತ್ತದೆಯೇ ಎಂಬ ಪ್ರಶ್ನೆಗೆ ಒಬ್ಬರು ತಲೆ ವಾಲಿಸಿ ಆಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಆಗಲಾರದು ಎಂದು ಓದಿಕೊಳ್ಳುತ್ತಾರೆ. ಇಬ್ಬರಲ್ಲಿ ಯಾರದೂ ತಪ್ಪಿಲ್ಲ. ಕಲಿಸಬೇಕಾದ್ದು ತಲೆಯನ್ನು ಕಲ್ಲಿನಂತೆ ನಿಲ್ಲಿಸುವುದನ್ನಲ್ಲ; ತಲೆ ತೂಗಿದ ಮೇಲೆ ಬಾಯಿಬಿಟ್ಟು ‘ಹೌದು, ನಾಳೆ ಸಂಜೆ ನಾಲ್ಕಕ್ಕೆ’ ಎನ್ನುವುದನ್ನು.

ಇನ್ನು ಕೈಕಟ್ಟುವುದು. ದೇಹಭಾಷೆಯ ಜನಪ್ರಿಯ ಪುಸ್ತಕಗಳು ಎದೆಯ ಮೇಲೆ ಕಟ್ಟಿದ ಕೈಯನ್ನು ‘ಮುಚ್ಚಿದ ಭಂಗಿ’ ಎನ್ನುತ್ತವೆ. ಹಾಗೆ ನಿಂತವರು ಒಳಗೊಳಗೇ ವಿರೋಧಿಸುತ್ತಿದ್ದಾರೆ, ತಮ್ಮನ್ನು ರಕ್ಷಿಸಿಕೊಳ್ಳುತ್ತಿದ್ದಾರೆ ಎನ್ನುತ್ತವೆ. ಕನ್ನಡ, ತಮಿಳು ಶಾಲೆಗಳ ಒಂದನೇ ತರಗತಿಯಲ್ಲಿ ಮಕ್ಕಳು ಕಲಿಯುವ ಮೊದಲ ಭಂಗಿಯೇ ಕೈಕಟ್ಟಿ ಕೂರುವುದು. ಅಲ್ಲಿ ಅದರ ಅರ್ಥ ಗಮನ, ವಿನಯ. ತಮಿಳರಲ್ಲಿ ದೊಡ್ಡವರೆದುರು ಕೈಕಟ್ಟಿ ನಿಲ್ಲುವುದರ ಜೊತೆಗೆ ಬಾಯಿಗೆ ಕೈಯಡ್ಡ ಹಿಡಿಯುವುದೂ ಸೇರುತ್ತದೆ. ದಕ್ಷಿಣದ ಕಂಚಿನ ರಾಮಪರಿವಾರದ ಮೂರ್ತಿಗಳಲ್ಲಿ ಹನುಮಂತ ತುಸು ಬಾಗಿ, ಬಾಯಿಗೆ ಕೈಯಿಟ್ಟು ನಿಂತಿರುವುದನ್ನು ಕಾಣಬಹುದು. ಶಕ್ತಿಗೆ ಹೆಸರಾದ ದೇವರಿಗೆ ಶಿಲ್ಪಿ ಕೊಟ್ಟ ಭಂಗಿ ಅದು. ಅಲ್ಲಿ ಹೆದರಿಕೆಯಾಗಲಿ ಕಪಟವಾಗಲಿ ಇಲ್ಲ.

ಕೈಕಟ್ಟುವುದರಲ್ಲೂ ಒಳಭೇದವಿದೆ. ಚೆನ್ನೈಯ ಮರೀನಾ ತೀರದ ಐಸ್‌ಹೌಸ್ ಕಟ್ಟಡದಲ್ಲಿ 1897ರ ಫೆಬ್ರುವರಿಯಲ್ಲಿ ಒಂಬತ್ತು ದಿನ ತಂಗಿದ್ದ ಸ್ವಾಮಿ ವಿವೇಕಾನಂದರ ಅತಿ ಪ್ರಸಿದ್ಧ ಚಿತ್ರ 1893ರ ಷಿಕಾಗೋದ್ದು. ಅದರಲ್ಲಿ ಅವರ ಕೈಗಳು ಎದೆಯ ಮೇಲೆ ಕಟ್ಟಿವೆ. ಆ ಚಿತ್ರದಲ್ಲಿ ಅಳುಕನ್ನು ಕಂಡವರಿಲ್ಲ. ಆತ್ಮವಿಶ್ವಾಸದ ಮಾದರಿಯೆಂದು ಕಾಲೇಜುಗಳ ಗೋಡೆಗಳಲ್ಲಿ ಅದನ್ನೇ ತೂಗುಹಾಕಿದ್ದಾರೆ. ವಿನಯದ ಕೈಕಟ್ಟಿನಲ್ಲಿ ಹೆಗಲು ಒಳಸೇರಿ ಬೆನ್ನು ತುಸು ಬಾಗುತ್ತದೆ. ವಿವೇಕಾನಂದರ ಕೈಕಟ್ಟಿನಲ್ಲಿ ಎದೆ ಮುಂದೆ, ಗದ್ದ ಮೇಲೆ. ಇನ್ನು ಏಸಿ ಹೆಚ್ಚಾಗಿರುವ ಕೋಣೆಯಲ್ಲಿ ಕೈಕಟ್ಟಿದವರಿಗೆ ಆಗುತ್ತಿರುವುದು ಚಳಿ. ಅಂಗವೊಂದನ್ನೇ ಕಿತ್ತು ತೆಗೆದು ಅರ್ಥ ಹೇಳಲು ಹೊರಟರೆ ಮೂರೂ ಒಂದೇ ಆಗಿಬಿಡುತ್ತವೆ.

ಇಷ್ಟು ಹೇಳಿ ‘ಎಲ್ಲವೂ ನಮ್ಮ ಸಂಸ್ಕೃತಿ’ ಎಂದು ಸುಮ್ಮನಾಗುವುದು ಇನ್ನೊಂದು ಬಗೆಯ ಅನ್ಯಾಯ. ವಿನಯವೆಂದು ಕರೆಸಿಕೊಳ್ಳುವ ಭಂಗಿಗಳಲ್ಲಿ ಕೆಲವನ್ನು ಕೆಲವರ ಮೇಲೆ ಬಲವಂತದಿಂದ ಹೇರಲಾಗಿತ್ತು. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯಬೇಕು, ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ನೋಟ ನೆಲದ ಮೇಲಿರಬೇಕು ಎಂಬ ಕಟ್ಟಳೆಗಳು ತಮಿಳು ನೆಲದಲ್ಲೂ ಕನ್ನಡ ನೆಲದಲ್ಲೂ ಇದ್ದವು. ಪೆರಿಯಾರ್ 1925ರಲ್ಲಿ ಸ್ವಾಭಿಮಾನ ಚಳವಳಿ ಆರಂಭಿಸಿದ ಮೇಲೆ ಹೆಗಲ ಮೇಲಿನ ವಲ್ಲಿ ತಮಿಳು ರಾಜಕೀಯದಲ್ಲಿ ಸ್ವಾಭಿಮಾನದ ಗುರುತಾಯಿತು. ಊರೂರಿನ ಅಂಬೇಡ್ಕರ್ ಪ್ರತಿಮೆಗಳು ತಲೆ ಎತ್ತಿ, ಬಲಗೈ ಚಾಚಿ, ಬೆರಳು ತೋರಿಸಿ ನಿಂತಿರುವುದೂ ಈ ಇತಿಹಾಸಕ್ಕೆ ಕೊಟ್ಟ ಉತ್ತರ. ಆ ಇತಿಹಾಸ ಮುಗಿದೂ ಇಲ್ಲ. ಶಿವಗಂಗೆ ಜಿಲ್ಲೆಯ ಕಚ್ಚನತ್ತಂ ಎಂಬ ಹಳ್ಳಿಯಲ್ಲಿ 2018ರ ಮೇ ತಿಂಗಳಲ್ಲಿ ಮೂವರು ದಲಿತರ ಕೊಲೆಯಾಯಿತು. ಮೇಲ್ಜಾತಿಯವರೆದುರು ಕಾಲ ಮೇಲೆ ಕಾಲು ಹಾಕಿ ಕುಳಿತದ್ದೂ ಹಗೆಗೆ ಒಂದು ಕಾರಣವೆಂದು ಆಗ ವರದಿಯಾಗಿತ್ತು. 2022ರಲ್ಲಿ ನ್ಯಾಯಾಲಯ 27 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದ್ದರಿಂದ ತರಗತಿಯಲ್ಲಿ ತಲೆ ತಗ್ಗಿಸಿ ನಿಂತ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನದು ಅಜ್ಜಿ ಕಲಿಸಿದ ಮರ್ಯಾದೆಯಾಗಿರಬಹುದು, ಇನ್ನೊಬ್ಬನದು ಊರು ಕಲಿಸಿದ ಭಯವಾಗಿರಬಹುದು. ಎರಡನೆಯವನಿಗೆ ತಲೆ ಎತ್ತುವುದನ್ನು ಕಲಿಸುವ ಮೇಷ್ಟ್ರು ದೊಡ್ಡ ಕೆಲಸ ಮಾಡುತ್ತಿದ್ದಾರೆ. ಆದರೆ ಅಮೆರಿಕದವರು ಹೀಗೆ ನೋಡುತ್ತಾರೆ ಎಂಬುದು ಅದಕ್ಕೆ ಕಾರಣವಾಗಬಾರದು. ತಲೆ ಎತ್ತುವುದು ಅವನ ಹಕ್ಕು ಎಂಬುದೇ ಕಾರಣವಾಗಬೇಕು.

ಕಣ್ಣಿನ ಪಾಠ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಕಣ್ಣು ತಪ್ಪಿಸುವವರು ಸುಳ್ಳು ಹೇಳುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ಇದು ಪಶ್ಚಿಮದ್ದು ಮಾತ್ರವೂ ಅಲ್ಲ. ಸುಳ್ಳನ್ನು ಹೇಗೆ ಪತ್ತೆಹಚ್ಚುತ್ತೀರಿ ಎಂದು 58 ದೇಶಗಳ ಜನರನ್ನು ಕೇಳಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಹೆಚ್ಚು ಬಂದ ಉತ್ತರ ಇದೇ. ನಂಬಿಕೆ ವ್ಯಾಪಕ, ಆದರೆ ನಿಜವಲ್ಲ. ಸುಳ್ಳುಗಾರರ ನೋಟ ನಿಜ ಹೇಳುವವರ ನೋಟಕ್ಕಿಂತ ಭರವಸೆಯಿಂದ ಗುರುತಿಸುವಷ್ಟು ಬೇರೆಯಾಗಿರುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ನೂರಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕಹಾಕಿದ, ಅದೇ ವರ್ಷದ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಜನ ಸುಳ್ಳು ನಿಜಗಳನ್ನು ಸರಿಯಾಗಿ ಹೇಳುವುದು ಸರಾಸರಿ ಶೇ. 54ರಷ್ಟು ಸಲ. ನಾಣ್ಯ ಚಿಮ್ಮಿದರೆ ಶೇ. 50 ಸಿಗುತ್ತದೆ. ಅಂದಮೇಲೆ ಕಣ್ಣು ತಗ್ಗಿಸಿದ ಅಭ್ಯರ್ಥಿಯ ಪ್ರಾಮಾಣಿಕತೆಯನ್ನು ಅದರಿಂದ ಅಳೆಯಲು ಆಧಾರವೇ ಇಲ್ಲ.

ನೋಟದ ರೂಢಿ ಊರಿಂದೂರಿಗೆ ಬೇರೆ. ಕನ್ನಡದ, ತಮಿಳಿನ ಎಷ್ಟೋ ಮನೆಗಳಲ್ಲಿ ಹಿರಿಯರು ಬೈಯುವಾಗ ಕಣ್ಣಿಗೆ ಕಣ್ಣು ಕೊಟ್ಟರೆ ‘ಹೇಗೆ ದುರುಗುಟ್ಟಿಕೊಂಡು ನೋಡ್ತಾನೆ ನೋಡು’ ಎಂಬ ಇನ್ನೊಂದು ಬೈಗುಳ ಗ್ಯಾರಂಟಿ. ಕೊರಿಯ, ಜಪಾನುಗಳಲ್ಲೂ ವಯಸ್ಸಿನಲ್ಲಿ, ಹುದ್ದೆಯಲ್ಲಿ ದೊಡ್ಡವರನ್ನು ನೆಟ್ಟ ನೋಟದಿಂದ ನೋಡುವುದು ಒರಟುತನ. ತಾಳವಾಡಿಯ ಹುಡುಗ ಸಂದರ್ಶನದಲ್ಲಿ ಆಗಾಗ ನೋಟ ಕೆಳಗಿಳಿಸಿದರೆ ಕೊರಿಯದ ಮ್ಯಾನೇಜರಿಗೆ ಅದು ಸಹಜವಾಗಿಯೇ ಕಾಣಬಹುದು, ಜರ್ಮನಿಯವರಿಗೆ ಅಳುಕಾಗಿ ಕಾಣಬಹುದು. ಹುಡುಗನಿಗೆ ಎರಡನ್ನೂ ಹೇಳಬೇಕು. ಉತ್ತರ ಶುರುಮಾಡುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಎದುರಿನವರ ಮುಖ ನೋಡಿದರೆ ಯಾವ ನಾಡಿನವರಿಗೂ ಕೊರತೆಯೆನಿಸದು. ಸಂದರ್ಶನವಿಡೀ ಕಣ್ಣು ಮಿಟುಕಿಸದೆ ನೋಡುವ ಅಭ್ಯಾಸ ಮಾಡಿಸಿದರೆ ಎಲ್ಲರಿಗೂ ಇರುಸುಮುರುಸಾಗುತ್ತದೆ.

ಕೊಡು ಕೊಳ್ಳುವ ರೀತಿಯಲ್ಲಿ ಚೆನ್ನೈಗೂ ಕೊರಿಯದ ಸೋಲ್‌ಗೂ ಇರುವ ಹತ್ತಿರದ ನಂಟನ್ನು ತರಬೇತಿಯಲ್ಲಿ ಯಾರೂ ಹೇಳಿದಂತಿಲ್ಲ. ಕೊರಿಯದವರು ಹಿರಿಯರಿಗೆ ಏನನ್ನಾದರೂ ಕೊಡುವಾಗ ಎರಡೂ ಕೈ ಬಳಸುತ್ತಾರೆ, ಇಲ್ಲವೇ ಬಲಗೈಯಲ್ಲಿ ಕೊಡುತ್ತ ಎಡಗೈಯನ್ನು ಬಲ ಮುಂಗೈಗೋ ಮೊಣಕೈಗೋ ತಾಗಿಸುತ್ತಾರೆ. ತೀರ್ಥ ಪ್ರಸಾದ ತೆಗೆದುಕೊಳ್ಳುವಾಗ, ದೊಡ್ಡವರ ಕೈಗೆ ದುಡ್ಡು ಕೊಡುವಾಗ ದಕ್ಷಿಣ ಭಾರತದ ಕೈಗಳೂ ಹೀಗೆಯೇ ಕೂಡುತ್ತವೆ. ಜಪಾನಿನಲ್ಲಿ ವಿಸಿಟಿಂಗ್ ಕಾರ್ಡನ್ನು ಎರಡು ಕೈಯಲ್ಲಿ ಕೊಟ್ಟು, ಎರಡು ಕೈಯಲ್ಲಿ ಪಡೆದು, ಓದಿ, ಮೇಜಿನ ಮೇಲಿಡುತ್ತಾರೆ. ತಕ್ಷಣ ಹಿಂದಿನ ಜೇಬಿಗೆ ತುರುಕಿದರೆ ಅವಮಾನ. ಅಂಗೈ ಕೆಳಗೆ ಮಾಡಿ ಬೆರಳು ಮಡಚಿ ‘ಬಾ’ ಎಂದು ಕರೆಯುವುದು ಚೆನ್ನೈ, ಬೆಂಗಳೂರು, ಟೋಕಿಯೋ, ಮನಿಲಾಗಳಲ್ಲಿ ಒಂದೇ. ಅಂಗೈ ಮೇಲೆ ಮಾಡಿ ಒಂದೇ ಬೆರಳಿನಿಂದ ಕರೆಯುವುದು ಅಮೆರಿಕದಲ್ಲಿ ಸಾಮಾನ್ಯ. ಫಿಲಿಪ್ಪೀನ್ಸ್, ಕೊರಿಯಗಳಲ್ಲಿ ಅದು ನಾಯಿಯನ್ನು ಕರೆದಂತೆ. ಇಂಥ ಕಡೆ ಹಳ್ಳಿಯ ಮಕ್ಕಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ, ಇರುವುದನ್ನು ಮರೆಯದಿದ್ದರೆ ಸಾಕು.

ಕೈಸನ್ನೆಗಳ ವಿಷಯಕ್ಕೆ ಬಂದರೆ, ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ ಎಂಬ ಮನಶ್ಶಾಸ್ತ್ರಜ್ಞರು 1969ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಉಪಯುಕ್ತ. ಮಾತಿನ ಜೊತೆ ತಾನಾಗಿ ಆಡುವ ಕೈ ಬೇರೆ, ಪದದಂತೆ ಗೊತ್ತಾದ ಅರ್ಥವಿರುವ ಸನ್ನೆ ಬೇರೆ. ಮೊದಲನೆಯದನ್ನು ಹುಟ್ಟು ಕುರುಡರೂ ಮಾಡುತ್ತಾರೆ, ಫೋನಿನಲ್ಲಿ ಮಾತಾಡುವವರೂ ಮಾಡುತ್ತಾರೆ. ಅದನ್ನು ತಡೆದರೆ ಮಾತೇ ತಡವರಿಸಬಹುದು. ‘ಕೈ ಆಡಿಸಬೇಡ’ ಎಂಬ ಸೂಚನೆಯನ್ನು ಅದಕ್ಕೇ ಕೈಬಿಡಬೇಕು. ಎಚ್ಚರ ಬೇಕಾಗುವುದು ಎರಡನೆಯ ಬಗೆಯಲ್ಲಿ.

ಅದರ ಒಂದು ಉದಾಹರಣೆ ಚೆನ್ನೈಯದೇ. ನಡುಬೆರಳು, ಉಂಗುರಬೆರಳುಗಳ ತುದಿಯನ್ನು ಹೆಬ್ಬೆರಳಿಗೆ ತಾಗಿಸಿ, ತೋರುಬೆರಳು, ಕಿರುಬೆರಳುಗಳನ್ನು ನೆಟ್ಟಗೆ ನಿಲ್ಲಿಸಿದ ಕೈಯನ್ನು ಇಲ್ಲಿ ನೋಡದವರಿಲ್ಲ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದು ಮದರಾಸಿಗೆ ನಟನೆ ಕಲಿಯಲು ಬಂದ ರಜನೀಕಾಂತ್ 2002ರ ‘ಬಾಬಾ’ ಚಿತ್ರದಲ್ಲಿ ತೋರಿಸಿದ ಮುದ್ರೆ ಅದು. 2017ರ ಡಿಸೆಂಬರ್ 31ರಂದು ರಾಜಕೀಯಕ್ಕೆ ಬರುವುದಾಗಿ ಚೆನ್ನೈಯಲ್ಲಿ ಘೋಷಿಸಿದಾಗಲೂ ಅಭಿಮಾನಿಗಳಿಗೆ ಅವರು ತೋರಿಸಿದ್ದು ಅದನ್ನೇ. ಯೋಗ ಕಲಿಸುವವರು ಅದನ್ನು ಅಪಾನ ಮುದ್ರೆ ಎನ್ನುತ್ತಾರೆ. ಭರತನಾಟ್ಯದಲ್ಲಿ ಅದು ಅಭಿನಯದರ್ಪಣದ 28 ಅಸಂಯುತ ಹಸ್ತಗಳಲ್ಲಿ ಒಂದಾದ ಸಿಂಹಮುಖ. ಸಿಂಹದ ಮುಖ, ಮೊಲ, ಹೋಮ ಮುಂತಾದವನ್ನು ತೋರಿಸಲು ಬಳಕೆಯಾಗುತ್ತದೆ. ಜರ್ಮನಿಯ ಶಿಶುವಿಹಾರಗಳಲ್ಲಿ ಟೀಚರು ಇದೇ ಕೈ ಎತ್ತಿದರೆ ಮಕ್ಕಳು ಸುಮ್ಮನಾಗಬೇಕು: ಮುಚ್ಚಿದ ಬಾಯಿ, ನಿಗುರಿದ ಕಿವಿಗಳ ‘ಮೌನದ ನರಿ’ ಅದು. ತುರ್ಕಿಯಲ್ಲಿ ಅದೇ ಕೈ ‘ಬೂದು ತೋಳ’, ತೀವ್ರ ರಾಷ್ಟ್ರವಾದಿಗಳ ಗುರುತು. ಆಸ್ಟ್ರಿಯ 2019ರಲ್ಲಿ ಕಾನೂನಿನಿಂದಲೇ ಅದನ್ನು ನಿಷೇಧಿಸಿದೆ. 2024ರ ಜುಲೈಯಲ್ಲಿ ಯುರೋಪಿನ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರಿಯದ ವಿರುದ್ಧ ಗೋಲು ಹೊಡೆದ ತುರ್ಕಿಯ ಮೆರಿಹ್ ದೆಮಿರಾಲ್ ಈ ಸನ್ನೆ ಮಾಡಿದ್ದಕ್ಕೆ ಎರಡು ಪಂದ್ಯಗಳ ನಿಷೇಧ ಅನುಭವಿಸಬೇಕಾಯಿತು. ಜರ್ಮನಿಯ ಕೆಲವೆಡೆ ಶಿಶುವಿಹಾರದ ನರಿಯನ್ನೂ ಈ ಕಾರಣಕ್ಕೆ ಕೈಬಿಟ್ಟಿದ್ದಾರೆ. ಚೆನ್ನೈಯಿಂದ ವಿಯೆನ್ನಾಗೆ ಕೆಲಸಕ್ಕೆ ಹೋಗುವ ಹುಡುಗ ಗೆಳೆಯರ ಜೊತೆ ಫೋಟೋಕ್ಕೆ ನಿಂತಾಗ ಬಾಬಾ ಮುದ್ರೆ ತೋರಿಸಿದರೆ ಏನಾಗುತ್ತದೆ ಎಂಬುದನ್ನು ಯಾರಾದರೂ ಅವನಿಗೆ ಮೊದಲೇ ಹೇಳಿರಬೇಕು.

ಎರಡು ಬೆರಳಿನದೂ ಇಂಥದೇ ಕಥೆ. ಎಂ.ಜಿ. ರಾಮಚಂದ್ರನ್ 1972ರಲ್ಲಿ ಕಟ್ಟಿದ ಅಣ್ಣಾ ಡಿಎಂಕೆಗೆ ಎರಡೆಲೆ ಚಿಹ್ನೆಯಾದ ಮೇಲೆ ತಮಿಳುನಾಡಿನಲ್ಲಿ ಬಿಡಿಸಿ ಎತ್ತಿದ ಎರಡು ಬೆರಳು ಒಂದು ಪಕ್ಷದ ಮತಯಾಚನೆಯಾಯಿತು. ಬ್ರಿಟನ್ನಿನಲ್ಲಿ ಅಂಗೈ ಹೊರಗಿದ್ದರೆ ಅದು ಗೆಲುವು, ಅಂಗೈ ತನ್ನ ಕಡೆಗಿದ್ದರೆ ಹೊಲಸು ಬೈಗುಳ. ಹೆಬ್ಬೆರಳು, ತೋರುಬೆರಳುಗಳ ಉಂಗುರ ನಮ್ಮಲ್ಲಿ ದಕ್ಷಿಣಾಮೂರ್ತಿಯ ಚಿನ್ಮುದ್ರೆ, ಜಪಾನಿನಲ್ಲಿ ದುಡ್ಡು, ಬ್ರೆಜಿಲ್‌ನಲ್ಲಿ ಅಸಭ್ಯ.

ಅಂತರ ಮತ್ತು ಸ್ಪರ್ಶಕ್ಕೂ ಇದೇ ಮಾತು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರ ಪುಸ್ತಕದಲ್ಲಿ ಸುಮಾರು 45 ಸೆಂ.ಮೀ. ಒಳಗೆ ಆಪ್ತ ವಲಯ, 1.2 ಮೀಟರ್ ತನಕ ವೈಯಕ್ತಿಕ ವಲಯ, 3.6 ಮೀಟರ್ ತನಕ ಸಾಮಾಜಿಕ ವಲಯ ಎಂದು ಗೆರೆ ಎಳೆದ. ತರಬೇತಿಯ ಸ್ಲೈಡುಗಳಲ್ಲಿ ಈ ಅಳತೆಗಳು ಎಲ್ಲರಿಗೂ ಅನ್ವಯವೆಂಬಂತೆ ಬರುತ್ತವೆ; ಅವು ಅಮೆರಿಕದ ಮಧ್ಯಮ ವರ್ಗದ ಕೆಲವರನ್ನು ಗಮನಿಸಿ ಹೇಳಿದವು, ಹಾಲ್ ಅದನ್ನು ಮುಚ್ಚಿಟ್ಟಿರಲೂ ಇಲ್ಲ. 42 ದೇಶಗಳ ಸುಮಾರು 9,000 ಜನರನ್ನು ಕೇಳಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪರಿಚಿತರು ನಿಲ್ಲಬೇಕಾದ ದೂರ ಅರ್ಜೆಂಟೀನದಲ್ಲಿ ಮುಕ್ಕಾಲು ಮೀಟರಿನ ಆಸುಪಾಸು, ರೊಮೇನಿಯದಲ್ಲಿ ಒಂದೂಕಾಲು ಮೀಟರಿಗೂ ಹೆಚ್ಚು. ಚೆನ್ನೈಯ ಎಂಟಿಸಿ ಬಸ್ಸಿನಲ್ಲಿ ಕಂಡಕ್ಟರು ಸಾಮಾನ್ಯವಾಗಿ ತಮ್ಮ ಸೀಟಿನಲ್ಲೇ ಕುಳಿತಿರುತ್ತಾರೆ. ಮುಂದೆ ಹತ್ತಿದವರ ದುಡ್ಡು ಗುರುತಿಲ್ಲದ ಐದಾರು ಕೈಗಳನ್ನು ದಾಟಿ ಹಿಂದೆ ಹೋಗುತ್ತದೆ. ಟಿಕೆಟ್ಟು, ಚಿಲ್ಲರೆ ಅದೇ ಕೈಗಳ ಮೂಲಕ ವಾಪಸು ಬರುತ್ತವೆ. ಹಣ ಸಾಗಿಸಲು ಹೆಗಲು ತಟ್ಟುವುದನ್ನು ಅಲ್ಲಿ ಯಾರೂ ಅತಿಕ್ರಮಣವೆಂದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಕಂಡಕ್ಟರೇ ಜನರ ನಡುವೆ ನುಗ್ಗಿ ಬರುವುದರಿಂದ ಅಲ್ಲಿಂದ ಬಂದವರು ಮೊದಲ ದಿನ ಬೆನ್ನು ತಟ್ಟಿದಾಗ ಬೆಚ್ಚುತ್ತಾರೆ. ಇನ್ನು ಗಂಡಸರಿಬ್ಬರು ಬೆರಳು ಹೆಣೆದು ನಡೆಯುವುದು ಇಲ್ಲಿ ಬರೀ ಸ್ನೇಹ. ಕೈಕುಲುಕಲು ಬಯಸದ ಹುಡುಗಿ ವಣಕ್ಕಂ ಹೇಳಿ ಕೈಮುಗಿದರೆ ಅದು ಪೂರ್ತಿ ಗೌರವದ ಸ್ವಾಗತ. ಅದಕ್ಕೆ ಅಂಕ ಕಡಿಮೆ ಮಾಡಲು ಕಾರಣವೇ ಇಲ್ಲ.

ಮುಖಭಾವವಾದರೂ ಎಲ್ಲರಿಗೂ ಒಂದೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಎಕ್ಮನ್ 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಕೆಲಸ ಮಾಡಿ ಸಂತೋಷ, ಕೋಪ, ಭಯ, ಹೇಸಿಗೆ, ದುಃಖ, ಅಚ್ಚರಿಗಳ ಮುಖ ಎಲ್ಲ ಜನರಿಗೂ ಸಮಾನ ಎಂದು ವಾದಿಸಿದರು. ಇದು ಇಂದು ಒಪ್ಪಿತ ಸತ್ಯವಲ್ಲ, ಚರ್ಚೆಯ ವಿಷಯ. ಪಾಶ್ಚಾತ್ಯರು ಭಯವೆಂದು ಓದುವ, ಬಾಯಿ ತೆರೆದ ಮುಖವನ್ನು ಟ್ರೋಬ್ರಿಯಾಂಡ್ ದ್ವೀಪಗಳ ಹದಿಹರೆಯದವರು ಬೆದರಿಕೆಯೆಂದು ಓದಿದ್ದು 2016ರಲ್ಲಿ ಪ್ರಕಟವಾಯಿತು. ಭಾವ ಸಮಾನವಾಗಿದ್ದರೂ ಅದನ್ನು ಯಾರೆದುರು ಎಷ್ಟು ತೋರಿಸಬೇಕೆಂಬ ಕಟ್ಟಳೆ ಊರಿನದೇ ಎಂಬುದನ್ನು ಎಕ್ಮನ್ ಕೂಡ ಒಪ್ಪುತ್ತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದಾಗ ನಮ್ಮ ಮಕ್ಕಳು ಪೆಚ್ಚಾಗಿ ನಗುವುದನ್ನು ಉಡಾಫೆಯೆಂದು ಓದುವುದು ಈ ಕಟ್ಟಳೆ ಗೊತ್ತಿಲ್ಲದವರು.

ಈಗ ಓದುವವರು ಮನುಷ್ಯರಷ್ಟೇ ಅಲ್ಲ. ವಿಡಿಯೋ ಸಂದರ್ಶನಗಳಲ್ಲಿ ಮುಖ, ನೋಟ, ದನಿಗಳನ್ನು ಕಂಪ್ಯೂಟರ್ ಅಳೆಯುವ ವ್ಯವಸ್ಥೆಗಳು ಬಂದಿವೆ. ಅಂಥ ಸಂದರ್ಶನಗಳಿಗೆ ಹೆಸರಾದ ಅಮೆರಿಕದ ಹೈರ್‌ವ್ಯೂ ಕಂಪನಿ ಟೀಕೆಗಳ ನಂತರ ಮುಖದ ವಿಶ್ಲೇಷಣೆಯನ್ನು ನಿಲ್ಲಿಸಿರುವುದಾಗಿ 2021ರ ಜನವರಿಯಲ್ಲಿ ಪ್ರಕಟಿಸಿತು. ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾನೂನು, ಕೆಲಸದ ಸ್ಥಳದಲ್ಲಿ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಯಂತ್ರದಿಂದ ಜನರ ಭಾವನೆ ಅಳೆಯುವುದನ್ನು ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ ನಿಷೇಧಿಸಿದೆ. ಈ ನಿಷೇಧ 2025ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಮುಖ ನೋಡಿ ಮನಸ್ಸು ಹೇಳಬಹುದೆಂಬುದಕ್ಕೆ ವೈಜ್ಞಾನಿಕ ಆಧಾರ ದುರ್ಬಲ, ಮತ್ತು ಅಭಿವ್ಯಕ್ತಿ ಸಂಸ್ಕೃತಿಯಿಂದ ಸಂಸ್ಕೃತಿಗೆ ಬದಲಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿದೆ. ಯಂತ್ರಕ್ಕೆ ಬೇಡವೆಂದದ್ದನ್ನು ಕಾಲೇಜಿನ ಮಾಕ್ ಇಂಟರ್‌ವ್ಯೂನಲ್ಲಿ ಮೇಷ್ಟ್ರು ಪೆನ್ನು ಹಿಡಿದು ಮಾಡುವುದು ಸರಿಯಲ್ಲ.

ಆದ್ದರಿಂದ ಮಾಕ್ ಇಂಟರ್‌ವ್ಯೂನ ಅಂಕಪಟ್ಟಿಯಲ್ಲಿರುವ ‘ಐ ಕಾಂಟ್ಯಾಕ್ಟ್’, ‘ಪೋಶ್ಚರ್’, ‘ಬಾಡಿ ಲಾಂಗ್ವೇಜ್’ ಎಂಬ ಕಾಲಂಗಳನ್ನು ತೆಗೆಯಬೇಕೆಂದು ಈ ಪತ್ರದ ಕೋರಿಕೆ. ಅವುಗಳ ಜಾಗದಲ್ಲಿ ಮೂರು ಪ್ರಶ್ನೆ ಇಡಬಹುದು. ಪ್ರಶ್ನೆ ಅರ್ಥವಾಗದಿದ್ದಾಗ ಅಭ್ಯರ್ಥಿ ಮತ್ತೆ ಕೇಳಿದರೇ? ಹೌದು, ಇಲ್ಲಗಳನ್ನು ಬಾಯಿಬಿಟ್ಟು ಹೇಳಿದರೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೇ? ದೇಹಭಾಷೆಯ ತರಗತಿಯನ್ನು ಬಿಡಬೇಕಾಗಿಲ್ಲ. ಅದರಲ್ಲಿ ಕೊರಿಯ, ಜಪಾನ್, ಜರ್ಮನಿ, ಅಮೆರಿಕಗಳ ರೂಢಿಗಳನ್ನು ಅವರವರ ಊರಿನ ಹೆಸರು ಹೇಳಿಯೇ ಕಲಿಸಲಿ, ತಾಳವಾಡಿಯ ರೂಢಿಯನ್ನೂ ಅದೇ ಸಾಲಿನಲ್ಲಿಟ್ಟು ಹೇಳಲಿ. ಕಂಪನಿಗಳಿಂದ ಸಂದರ್ಶನಕ್ಕೆ ಬರುವವರಿಗೆ ಕಾಲೇಜಿನ ಪ್ಲೇಸ್‌ಮೆಂಟ್ ಕಚೇರಿ ಕೊಡುವ ಮಾಹಿತಿಯಲ್ಲಿ, ಇಲ್ಲಿನ ವಿದ್ಯಾರ್ಥಿಗಳು ಒಪ್ಪಿಗೆಗೆ ತಲೆ ತೂಗುತ್ತಾರೆ, ಗೌರವಕ್ಕೆ ನೋಟ ತಗ್ಗಿಸುತ್ತಾರೆ ಎಂಬ ಎರಡು ಸಾಲು ಸೇರಿಸಲು ಮುಂದಿನ ಪ್ಲೇಸ್‌ಮೆಂಟ್ ಋತುವಿಗೆ ಮೊದಲು ಸಾಕಷ್ಟು ಸಮಯವಿದೆ.


ಚೆನ್ನೈಯ ಒಬ್ಬ ಕನ್ನಡ ಬರಹಗಾರ